ನಾಲ್ಕನೇ ತಂತಿ

ಫೆಬ್ರವರಿ ೯

ಅಕ್ಕಾ,

ನೀವು ಫೋನ್ ಎತ್ತುವುದಿಲ್ಲ ಎಂದು ಗೊತ್ತಾದ ಮೇಲೂ ಮಾಡುತ್ತಲೇ ಇದ್ದೆ. ನಿನ್ನೆ ಅದು ಹೊಡೆದುಕೊಂಡು ಹೊಡೆದುಕೊಂಡು ತಾನಾಗಿಯೇ ಸುಮ್ಮನಾದ ಮೇಲೆ, ಇನ್ನು ಕಾಗದವೇ ಸರಿ ಎಂದುಕೊಂಡೆ. ಫೋನನ್ನಾದರೆ ಬಿಡಬಹುದು, ಅಕ್ಷರ ಕಣ್ಣಿಗೆ ಬಿದ್ದರೆ ಓದದೆ ಬಿಡುವವರಲ್ಲ ನೀವು. ಪ್ರೆಸ್ಸಿನಲ್ಲಿ ಕೂತು ಜೀವಮಾನವೆಲ್ಲ ಊರವರ ಅಕ್ಷರದ ತಪ್ಪು ತಿದ್ದಿದವರು. ಇದರಲ್ಲೂ ಬೇಕಾದಷ್ಟು ತಪ್ಪಿರುತ್ತದೆ. ತಿದ್ದುವುದಕ್ಕಾದರೂ ಓದಿ.

ಹೊಲಿಗೆ ಮಷೀನಿನ ಹಲಗೆಯ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ಶಾಲೆ ಮಕ್ಕಳ ಯೂನಿಫಾರಂ ರಾಶಿ ಬಿದ್ದಿದೆ, ಕೈ ಓಡುತ್ತಿಲ್ಲ. ನಾವು ನಾಲ್ವರೂ ಪ್ರವಾಸ ಮುಗಿಸಿ ಹಡಗಿನಿಂದ ಇಳಿದು ಮೂರು ವಾರವಾದರೂ ನೆಲ ಇನ್ನೂ ತೂಗಿದ ಹಾಗಿದೆ. ಇವರಿಗೆ ಹೇಳಿದರೆ, 'ನಂಗೂ ಹಂಗೇ' ಅನ್ನುತ್ತಾರೆ, ಅಷ್ಟೇ. ನಮ್ಮ ಮನೆಯಲ್ಲಿ ಈಗ ಅದಕ್ಕಿಂತ ಹೆಚ್ಚು ಮಾತಿಲ್ಲ.

ಮಳೆಕಾಡಿಗೆ ಹೋದ ಆ ದಿನವನ್ನು ಮತ್ತೆ ಮತ್ತೆ ನೆನೆಯುತ್ತೇನೆ. ಬೆಳಗ್ಗೆ ಎಷ್ಟು ಚೆನ್ನಾಗಿತ್ತು. ಬಂದರಿನಿಂದ ಬಸ್ಸು ಹತ್ತಿ ಹೋದಾಗ ನಾನು ಮರಗಳನ್ನು ನೋಡಿ ಬರುತ್ತೇವೆ ಎಂದುಕೊಂಡಿದ್ದೆ, ತಂತಿಗೆ ನೇತುಬಿದ್ದು ಮರದಿಂದ ಮರಕ್ಕೆ ಹಾರುತ್ತೇವೆ ಎಂದಲ್ಲ. ಸೊಂಟಕ್ಕೂ ತೊಡೆಗೂ ಪಟ್ಟಿ ಬಿಗಿದು, ತಲೆಗೆ ಹೆಲ್ಮೆಟ್ ಇಟ್ಟ ಕೂಡಲೇ ನಾನು ಅಳುವುದಕ್ಕೆ ಶುರು ಮಾಡಿದೆ. ನೀವು ಉಯ್ಯಾಲೆ ಕಂಡರೆ ಪಕ್ಕಕ್ಕೆ ಸರಿಯುವವರು, ಎಲ್ಲರಿಗಿಂತ ಮುಂದೆ ಹೋಗಿ ನಿಂತಿರಿ. 'ಹನ್ನೊಂದು ವರ್ಷ ಅತ್ತೆ ಮಂಚದ ಪಕ್ಕ ಕೂತಿದ್ದೀನಿ ಕಣೇ, ಈಗ ನಂಗೆ ಯಾವ ಭಯಾನೂ ಇಲ್ಲ' ಅಂದು ಕಾಲು ಎತ್ತಿಬಿಟ್ಟಿರಿ. ರಾಟೆ ಝೊಂಯ್ ಎಂದಿತು. ನೀವು ಕೂಗಿದ್ದು ಭಯಕ್ಕೋ ಖುಷಿಗೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ನಾಲ್ಕನೇ ತಂತಿ. ನಾವಿಬ್ಬರೂ ದಾಟಿ ಆಚೆ ಮರದ ಅಟ್ಟಣೆಯ ಮೇಲೆ ನಿಂತಿದ್ದೆವು. ಹಿಂದಿನಿಂದ ಭಾವ ಬರಲೇ ಇಲ್ಲ. ಕಣಿವೆಯ ಆ ಕಡೆಯಿಂದ ಇವರ ಧ್ವನಿ ಕೇಳಿತು, 'ಅತ್ತಿಗೇ, ಪೇಂಟರ್ ಹೆದರಿಬಿಟ್ಟ, ಕಟ್ಟಿ ಕಳಿಸ್ತೀವಿ.' ಗೈಡಿನ ಎದೆಗೆ ಕಟ್ಟಿಸಿಕೊಂಡು ಭಾವ ಬಂದರು. ಉಳಿದ ತಂತಿಗಳನ್ನೂ ಹಾಗೆಯೇ ದಾಟಿದರು. ಅಲ್ಲಿಗೆ ಮುಗಿದಿದ್ದರೆ ಸರಿಯಿತ್ತು.

ಸಂಜೆ ಹಡಗಿನ ಊಟದ ಹಾಲಿನಲ್ಲಿ ಇವರಿಗೆ ಏನು ಬಂದಿತ್ತೋ. ಸೂಪು ಬಂದದ್ದೇ ತಡ, ಎದ್ದು ಹೋಗಿ ಕಂಬ ತಬ್ಬಿಕೊಂಡು, 'ಅಮ್ಮಾ ನಾ ಬರಲ್ಲ, ನಾ ಬರಲ್ಲ' ಅಂತ ಭಾವನ ಹಾಗೆ ಮಾಡಿ ತೋರಿಸಿದರು. ನಮ್ಮ ಮೇಜಿನಲ್ಲಿ ಹಲ್ಲಿನ ಡಾಕ್ಟರು, ಅವರ ಹೆಂಡತಿ ಇಬ್ಬರೂ ನಕ್ಕರು. ಪಕ್ಕದ ಮೇಜಿನವರೂ ನಕ್ಕರು. ನಾನೂ ನಕ್ಕೆ ಅಕ್ಕಾ, ಸುಳ್ಳೇಕೆ ಹೇಳಲಿ. ಆಮೇಲೆ ನಿಮ್ಮ ಮುಖ ಕಂಡಿತು. ನೀವು ಎದ್ದು ಭಾವನ ಕೈ ಹಿಡಿದುಕೊಂಡು ಹೊರಟುಹೋದಿರಿ. ಮುಂದೆ ದಡ ಸೇರುವವರೆಗೂ ನೀವಿಬ್ಬರೂ ಕ್ಯಾಬಿನ್ನಿನಲ್ಲೇ ಊಟ ಮಾಡಿದಿರಿ.

ಇವರನ್ನು ಎಷ್ಟು ಕೇಳಿದರೂ ಯಾಕೆ ಹಾಗೆ ಮಾಡಿದೆ ಎಂದು ಹೇಳುವುದಿಲ್ಲ. ಇವರ ಪರವಾಗಿ ನಾನು ಕಾಲು ಹಿಡಿಯುತ್ತೇನೆ. ಒಂದೇ ಬೀದಿಯಲ್ಲಿ ಅಷ್ಟು ವರ್ಷ ಎದುರು ಬದುರು ಬಾಗಿಲಿಟ್ಟುಕೊಂಡು ಬದುಕಿದವರು ನಾವು. ಈ ಊರಿಗೆ ಬಂದ ಮೇಲೆ ಬಾಗಿಲು ತೆಗೆದರೆ ಎದುರಿಗೆ ಗೋಡೆ ಕಾಣುತ್ತದೆ. ನಿಮ್ಮ ಮಾತೂ ನಿಂತುಹೋದರೆ ನನಗೆ ಯಾರಿದ್ದಾರೆ ಹೇಳಿ.

ಒಂದು ಸಾಲಾದರೂ ಬರೆಯಿರಿ.

ಸ್ವಂತದವಳಲ್ಲದಿದ್ದರೂ ನಿಮ್ಮ
ತಂಗಿ


ಫೆಬ್ರವರಿ ೨೪

ತಂಗೀ,

ನಿನ್ನ ಕಾಗದದಲ್ಲಿ ತಪ್ಪುಗಳಿವೆ. ಎಣಿಸಲಿಲ್ಲ.

ನಿನ್ನ ಮೇಲೆ ನನಗೆ ಕೋಪವಿಲ್ಲ. ಫೋನ್ ಎತ್ತಿದರೆ ನಿನ್ನ ಧ್ವನಿ ಕೇಳಿ ಮೆತ್ತಗಾಗಿಬಿಡುತ್ತೇನೆ, ಹೇಳಬೇಕಾದ್ದನ್ನು ಹೇಳುವುದಿಲ್ಲ ಎಂದು ಎತ್ತಲಿಲ್ಲ. ಈಗ ಬರೆಯುತ್ತೇನೆ. ನಿನ್ನ ಯಜಮಾನರಿಗೆ ಓದಿ ಹೇಳಬೇಕೆನಿಸಿದರೆ ಹೇಳು.

ನಾನು ಇವರನ್ನು ಮೊದಲು ನೋಡಿದ್ದೇ ತಲೆ ಎತ್ತಿ. ಪ್ರೆಸ್ಸಿನ ಎದುರಿನ ಔಷಧಿ ಅಂಗಡಿಗೆ ಬೋರ್ಡು ಬರೆಯುತ್ತಿದ್ದರು, ಮೂರನೇ ಮಹಡಿಯ ಎತ್ತರದಲ್ಲಿ, ಎರಡು ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಕೂತು. ನಾನು ಕೆಳಗಿನಿಂದಲೇ, 'ರೀ, ಔಷಧದ ಧಕ್ಕೆ ಹೊಟ್ಟೆ ಸೀಳಿಲ್ಲ' ಎಂದು ಕೂಗಿದೆ. 'ಮೇಲೆ ಬಂದು ನೀವೇ ಸೀಳಿ' ಅಂದರು. ಆ ಹಲಗೆ ಗಾಳಿಗೆ ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಅವರು ಒಂದು ಕಾಲು ಹೊರಗೆ ಇಳಿಬಿಟ್ಟುಕೊಂಡು ಹಾಡು ಗುನುಗುತ್ತಿದ್ದರು. ಮುಂದೆ ಗೋದಾಮುಗಳ ಗೋಡೆಯ ಮೇಲೆ, ನೀರಿನ ಟ್ಯಾಂಕುಗಳ ಮೇಲೆ ಆಳೆತ್ತರದ ಅಕ್ಷರ ಬರೆದರು. ಮದುವೆಯಾದ ಹೊಸದರಲ್ಲಿ ಊಟದ ಡಬ್ಬಿ ತೆಗೆದುಕೊಂಡು ಹೋದರೆ, ಮೇಲಿನಿಂದ ಹಗ್ಗ ಬಿಟ್ಟು ಡಬ್ಬಿ ಎಳೆದುಕೊಂಡು ಅಲ್ಲೇ ಕೂತು ಉಣ್ಣುತ್ತಿದ್ದರು. ಇಳಿದು ಬರುವುದಕ್ಕೆ ಸೋಮಾರಿತನ.

ಇಂಥವರು ಹೆದರಿದರಂತೆ. ಅದನ್ನು ನಿನ್ನ ಯಜಮಾನರು ಕಂಬ ತಬ್ಬಿ ತೋರಿಸಿದರಂತೆ, ಲೋಕವೆಲ್ಲ ನಕ್ಕಿತಂತೆ.

ಹೆದರಲಿ ಬಿಡು. ಹೆದರುವುದು ತಪ್ಪಲ್ಲ. ಈ ವಯಸ್ಸಿನಲ್ಲಿ ಕಾಡಿನ ಮೇಲೆ ನೇತಾಡುವಾಗ ಯಾರಾದರೂ ಹೆದರಬಹುದು. ಆದರೆ ಪ್ರತಿ ಭಾನುವಾರ ನಮ್ಮ ಮೆಟ್ಟಿಲ ಮೇಲೆ ಕೂತು ಟೀ ಕುಡಿದ ಮನುಷ್ಯ, ಇವರ ಹೆಗಲ ಮೇಲೆ ಕೈ ಹಾಕಿಕೊಂಡೇ ಬೀದಿ ದಾಟಿದ ಮನುಷ್ಯ, ಗೆಳೆಯನ ಒಂದು ಸೋಲನ್ನು ನಾಲ್ಕು ಜನರ ಮುಂದೆ ಕುಣಿಸಿದ ಎಂಬುದು ನನಗೆ ನುಂಗಲಾಗದ ತುತ್ತು.

ಇನ್ನೊಂದು ಸಂಗತಿ ನನಗೆ ಅರ್ಥವಾಗುತ್ತಿಲ್ಲ. ಅವಮಾನವಾದದ್ದು ಇವರಿಗೆ, ಕುದಿಯುತ್ತಿರುವವಳು ನಾನು. ಕೇಳಿದರೆ, 'ವಯಸ್ಸಾಯ್ತು, ಕಾಲು ನಡುಗ್ತು, ಅಷ್ಟೇ' ಎನ್ನುತ್ತಾರೆ. ತಮ್ಮ ಗೆಳೆಯ ಆ ಡ್ರೈವರ್ ಬಗ್ಗೆ ಒಂದು ಮಾತೂ ಆಡಗೊಡುವುದಿಲ್ಲ. ಆಡಿದರೆ ಎದ್ದು ಹೋಗಿ ಹೊರಗೆ ನಿಲ್ಲುತ್ತಾರೆ.

ಸ್ವಲ್ಪ ದಿನ ಬರೆಯಬೇಡ. ಬರೆದರೂ ಕ್ಷಮೆ ಕೇಳಬೇಡ, ಅದು ನಿನ್ನ ಕೆಲಸವಲ್ಲ.

ಅಕ್ಕ


ಮಾರ್ಚ್ ೬

ಅಕ್ಕಾ,

ಬರೆಯಬೇಡ ಎಂದಿರಿ. ತಡೆಯಲಾಗದೆ ಬರೆಯುತ್ತಿದ್ದೇನೆ, ಕ್ಷಮೆ ಕೇಳುವುದಕ್ಕಲ್ಲ.

ನಿಮ್ಮ ಕಾಗದವನ್ನು ಇವರಿಗೆ ಪೂರ್ತಿ ಓದಿ ಹೇಳಿದೆ. ಇವರು ತಿಂಡಿ ತಿನ್ನುತ್ತಿದ್ದರು. ಭಾವ ಮೇಲೆ ಕೂತು ಡಬ್ಬಿ ಎಳೆದುಕೊಂಡು ಉಣ್ಣುತ್ತಿದ್ದ ಮಾತು ಬಂದಾಗ ಇವರ ಕೈ ನಿಂತಿತು. ನಾನೂ ಹಿಂದೆ ಅದನ್ನು ಕಣ್ಣಾರೆ ಕಂಡವಳೇ. ಆದ್ದರಿಂದ ಕೇಳಿದೆ, ಅಲ್ಲ, ಅಂಥ ಮನುಷ್ಯ ಹೆದರಿದ ಅನ್ನೋದನ್ನ ನೀವಾದರೂ ಹೆಂಗೆ ನಂಬಿದಿರಿ ಅಂತ.

ಇವರು ತಟ್ಟೆ ಪಕ್ಕಕ್ಕೆ ಸರಿಸಿದರು. ನನ್ನ ಕಡೆ ನೋಡಲಿಲ್ಲ. 'ಆ ಮಾತು ನನ್ನ ಬಾಯಲ್ಲಿ ಹೇಳಿಸಬೇಡ. ಹೇಳಬೇಕಾದವನು ನಾನಲ್ಲ' ಅಂದರು. ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದವರು ಬಸ್ ನಿಲ್ದಾಣದಲ್ಲಿ ಕೂತಿದ್ದರಂತೆ, ತರಕಾರಿಯವಳು ನೋಡಿ ಬಂದು ಹೇಳಿದಳು. ಇವರು ಮನಸ್ಸು ಕೆಟ್ಟಾಗ ಬಸ್ಸು ನೋಡುತ್ತಾ ಕೂರುತ್ತಾರೆ, ನಿಮಗೆ ಗೊತ್ತಲ್ಲ.

ಅಕ್ಕಾ, ಇವರು ಏನನ್ನೋ ನುಂಗಿಕೊಂಡು ಕೂತಿದ್ದಾರೆ. ಅದು ಇವರದ್ದಲ್ಲ, ಭಾವನದು ಎಂದು ನನಗೆ ಅನ್ನಿಸುತ್ತಿದೆ. ಅಷ್ಟಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ. ಊಹೆ ಮಾಡಲೂ ಭಯ.

ತಂಗಿ


ಏಪ್ರಿಲ್ ೧೯

ತಂಗೀ,

ಇಷ್ಟು ದಿನ ಬರೆಯಲಿಲ್ಲ. ಬರೆಯುವ ಹಾಗಿರಲಿಲ್ಲ.

ನಿನ್ನ ಕಾಗದ ಬಂದ ದಿನವೇ ಇವರನ್ನು ಕೇಳಿದೆ. ಬೆಳಗ್ಗೆ, ಸ್ನಾನ ಮುಗಿಸಿ ಮಂಚದ ಅಂಚಿನಲ್ಲಿ ಕೂತು ಅಂಗಿ ಹಾಕಿಕೊಳ್ಳುತ್ತಿದ್ದರು. ಪ್ರವಾಸದಿಂದ ಬಂದ ಮೇಲೆ ಯಾವಾಗಲೂ ಟೀ ಶರ್ಟೇ ಹಾಕುತ್ತಿದ್ದರು, ಹಡಗಿನ ಗಾಳಿ ಬಡಿದಿದೆ ಎಂದು ನಾನು ತಮಾಷೆ ಮಾಡಿದ್ದೆ. ಅವತ್ತು ಬ್ಯಾಂಕಿಗೆ ಹೋಗಬೇಕಿತ್ತು, ಬೀರುವಿನಿಂದ ಅಂಗಿ ತೆಗೆದಿದ್ದರು. ನಾನು ಬಾಗಿಲಲ್ಲಿ ನಿಂತು, ನಿಮ್ಮ ಗೆಳೆಯ ನಿಮ್ಮದೇನನ್ನೋ ಬಾಯೊಳಗಿಟ್ಟುಕೊಂಡು ಕೂತಿದ್ದಾನಂತೆ, ಏನದು ಎಂದೆ.

ಅವರು ಅಂಗಿಯ ಅಂಚನ್ನು ನನ್ನ ಕಡೆ ಹಿಡಿದರು. ಆಮೇಲೆ, 'ಬಾ, ಮೊದಲು ಈ ಗುಂಡಿ ಹಾಕು. ಆಮೇಲೆ ಹೇಳ್ತೀನಿ' ಅಂದರು.

ಗುಂಡಿ ಹಾಕುತ್ತಿರುವಾಗಲೇ ನನಗೆ ಅರ್ಧ ತಿಳಿಯಿತು. ಅವರ ಬಲಗೈ ತೊಡೆಯ ಮೇಲಿತ್ತು. ಹೆಬ್ಬೆರಳು ಬೆರಳಿಗೆ ಉಜ್ಜುತ್ತಲೇ ಇತ್ತು, ಅವರ ಗಮನಕ್ಕೇ ಬಾರದ ಹಾಗೆ.

ಹೋದ ವರ್ಷದಿಂದ ಹೀಗಂತೆ. ಕುಂಚ ಹಿಡಿದರೆ ಗೆರೆ ಎಲ್ಲಿ ತಿರುಗಬೇಕೋ ಅಲ್ಲಿ ತಿರುಗದಂತೆ. ಈಗ ಎಲ್ಲರೂ ಮಷೀನಿನಲ್ಲಿ ಬೋರ್ಡು ಮಾಡಿಸುತ್ತಾರೆ, ಕೈಬರಹ ಯಾರಿಗೆ ಬೇಕು ಎಂದು ಹೇಳಿ ಕುಂಚಗಳನ್ನು ಕಟ್ಟಿಟ್ಟರಲ್ಲ, ನಾವೆಲ್ಲ ನಂಬಿದೆವಲ್ಲ, ಆಗಲೇ ಶುರುವಾಗಿತ್ತು. ಹಡಗು ಹತ್ತುವ ಮುಂಚೆಯೇ ಒಬ್ಬರೇ ಹೋಗಿ ಡಾಕ್ಟರಿಗೆ ತೋರಿಸಿದ್ದರು. ಪಾರ್ಕಿನ್ಸನ್ ಎಂದರಂತೆ. ಮನೆಗೆ ಬಂದು, ಬೂಟಿನ ಅಂಗಡಿಗೆ ಹೋಗಿದ್ದೆ, ಅಳತೆ ಸಿಗಲಿಲ್ಲ ಎಂದು ನನಗೆ ಹೇಳಿದ್ದರು. ನನಗೆ ಆ ದಿನ ನೆನಪಿದೆ. ಬೇರೆ ಅಂಗಡಿಯಲ್ಲಿ ನೋಡಿ ಎಂದಿದ್ದೆ.

ಯಾಕೆ ಮುಚ್ಚಿಟ್ಟಿರಿ ಎಂದೆ.

'ಹೇಳಿದ್ರೆ ನೀನು ಹಡಗು ಹತ್ತಿರ್ತಿರಲಿಲ್ಲ. ಹನ್ನೊಂದು ವರ್ಷ ನಮ್ಮಮ್ಮನ ಮಂಚದ ಪಕ್ಕ ಕೂತೆ. ಅಲ್ಲಿಂದ ಎದ್ದು ಇನ್ನೊಂದು ಮಂಚದ ಪಕ್ಕ ಕೂರೋ ಮುಂಚೆ ಒಂದ್ಸಲ ಸಮುದ್ರ ನೋಡ್ಲಿ ಅನ್ನಿಸ್ತು.'

'ನಾನು ಕೂರ್ತೀನಿ ಅಂತ ನೀವೇ ತೀರ್ಮಾನ ಮಾಡಿಬಿಟ್ರಾ?'

'ಕೂರಲ್ವಾ?'

'ಕೂರ್ತೀನಿ. ಆದರೆ ಕೇಳಬೇಕಿತ್ತು.'

ಆಮೇಲೆ ತಾವಾಗಿಯೇ ಕಾಡಿನ ಮಾತು ತೆಗೆದರು. ತಂತಿಯ ಮೇಲೆ ಸುಮ್ಮನೆ ನೇತಾಡಿದರೆ ಸಾಕು, ಅಷ್ಟು ತನ್ನ ಕೈಲಾಗುತ್ತದೆ ಎಂದುಕೊಂಡಿದ್ದರಂತೆ. ಬಲಗೈಗೆ ಆ ದಪ್ಪ ಚರ್ಮದ ಗವಸು ಕೊಟ್ಟು, ಕೊನೆ ಹತ್ತಿರ ಬಂದಾಗ ತಂತಿಯನ್ನು ಒತ್ತಿ ವೇಗ ತಗ್ಗಿಸಿ ಎಂದು ಗೈಡ್ ಹೇಳಿದನಲ್ಲ, ಅದೇ ಇವರಿಂದ ಆಗಲಿಲ್ಲ. ಮೂರನೆಯದರಲ್ಲಿ ಒತ್ತು ಒತ್ತು ಎಂದು ಮನಸ್ಸು ಹೇಳಿದರೂ ಕೈ ಏಳಲಿಲ್ಲ. ಗೈಡ್ ಅಡ್ಡ ನಿಂತು ಹಿಡಿಯದಿದ್ದರೆ ಮರಕ್ಕೆ ಬಡಿಯುತ್ತಿದ್ದರು. ನಾವಿಬ್ಬರು ಆಗಲೇ ಮುಂದಿನದಕ್ಕೆ ಹೋಗಿದ್ದೆವು, ನೋಡಲಿಲ್ಲ. ನಾಲ್ಕನೇ ತಂತಿಯ ಹತ್ತಿರ ಡ್ರೈವರನ್ನು ಪಕ್ಕಕ್ಕೆ ಕರೆದು, ಕೈ ಮಾತು ಕೇಳುತ್ತಿಲ್ಲ, ಅವಳಿಗೆ ಹೇಳಬೇಡ, ಹೆದರಿದೆ ಅಂತ ಹೇಳು ಎಂದರಂತೆ. ಡ್ರೈವರಿಗೂ ಅಲ್ಲಿಯವರೆಗೆ ಏನೂ ಗೊತ್ತಿರಲಿಲ್ಲ.

ಇನ್ನು ಊಟದ ಮೇಜು. ನಾನು ನಿನಗೆ ಇದನ್ನು ಬರೆಯುವುದಕ್ಕೇ ಈ ಕಾಗದ ಹಿಡಿದದ್ದು.

ಆ ದಿನದ ದಣಿವಿಗೆ ಇವರ ಕೈ ವಿಪರೀತ ನಡುಗುತ್ತಿತ್ತು. ಸೂಪಿನ ಚಮಚ ಬಟ್ಟಲಿಗೆ ಟಕಟಕ ಬಡಿಯತೊಡಗಿತು. ಹಲ್ಲಿನ ಡಾಕ್ಟರು ತಲೆ ಎತ್ತಿ ಆ ಕೈಯನ್ನೇ ನೋಡಿದರು. ನಾನೂ, ಏನದು ಸದ್ದು ಎಂದು ತಿರುಗುವುದರಲ್ಲಿದ್ದೆನಂತೆ. ಅಷ್ಟರಲ್ಲಿ ಡ್ರೈವರ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಎಲ್ಲರ ಕಣ್ಣೂ ಕಂಬದ ಕಡೆ ಹೋಯಿತು. ಇವರು ಚಮಚ ಕೆಳಗಿಟ್ಟು ಕೈಯನ್ನು ಮೇಜಿನ ಅಡಿಗೆ ಇಳಿಸಿಕೊಂಡರು.

ತಂಗೀ, ನಾನು ಅವನನ್ನು ಏನೆಲ್ಲ ಅಂದೆ. ನಿನ್ನ ಮುಂದೆ ಅಂದೆ, ನನ್ನೊಳಗೆ ಅದರ ಹತ್ತರಷ್ಟು ಅಂದೆ. ಅವನು ಒಂದು ಮಾತಾಡಿದ್ದರೆ ಸಾಕಿತ್ತು, ತಪ್ಪೆಲ್ಲ ಕಳೆಯುತ್ತಿತ್ತು. ಆಡಲಿಲ್ಲ.

ಎರಡು ದಿನ ನಾನು ಇವರ ಹತ್ತಿರ ಮಾತಾಡಲಿಲ್ಲ. ತೊಳೆದ ಲೋಟಗಳನ್ನೇ ಮತ್ತೆ ತೊಳೆಯುತ್ತಿದ್ದೆ. ಯಾರ ಮೇಲೆ ಕೋಪ ಮಾಡಬೇಕೋ ತಿಳಿಯಲಿಲ್ಲ. ಅಚ್ಚಾದ ಹಾಳೆಯಲ್ಲಿ ಒಂದು ಚುಕ್ಕೆ ಹೆಚ್ಚಾದರೆ ಹಿಡಿಯುತ್ತಿದ್ದವಳು ನಾನು. ಪಕ್ಕದಲ್ಲೇ ಮಲಗುವ ಮನುಷ್ಯನ ಕೈ ಹಿಡಿಯಲಿಲ್ಲ. ಮೂರನೇ ದಿನ ಅವರೇ ಬಂದು, ಈಗ ಡಾಕ್ಟರ ಹತ್ತಿರ ಇಬ್ಬರೂ ಹೋಗೋಣವಾ, ಕೇಳ್ತಾ ಇದ್ದೀನಿ ನೋಡು ಎಂದರು. ನಗು ಬಂತು. ಅಳುವೂ ಬಂತು.

ಹೋದೆವು. ಡಾಕ್ಟರು ಒಂದು ವಾಕ್ಯ ಬರೆಯಿರಿ ಎಂದು ಕಾಗದ ಕೊಟ್ಟರು. ಇವರು, 'ಇಲ್ಲಿ ಎಲ್ಲ ತರಹದ ಔಷಧ ಸಿಗುತ್ತದೆ' ಎಂದು ಬರೆದರು. ಮೊದಲ ಅಕ್ಷರ ಬೆರಳಿನಷ್ಟು ದೊಡ್ಡದು. ಹೋಗುತ್ತಾ ಹೋಗುತ್ತಾ ಇರುವೆಯಷ್ಟಾಯಿತು. ಆದರೆ ಧದ ಹೊಟ್ಟೆ ಸೀಳಿತ್ತು, ನಾನು ಬಗ್ಗಿ ನೋಡಿದೆ. ಇದು ನಿಧಾನದ ಕಾಯಿಲೆ, ಗುಳಿಗೆಯಿದೆ, ವ್ಯಾಯಾಮವಿದೆ, ಹೆದರಬೇಡಿ ಎಂದರು ಡಾಕ್ಟರು. ನಾನು ಹೆದರಿಲ್ಲ ಎಂದೆ.

ಡ್ರೈವರಿಗೆ ಏನು ಹೇಳಿ ಕಳಿಸಬೇಕೋ ನನಗೆ ತಿಳಿಯುತ್ತಿಲ್ಲ. ಈ ಕಾಗದವನ್ನು ಓದಿ ಹೇಳು. ಸಾಕು.

ಅಕ್ಕ


ಏಪ್ರಿಲ್ ೨೮

ಅತ್ತಿಗೆಯವರಿಗೆ,

ನನಗೆ ಕಾಗದ ಬರೆದು ಅಭ್ಯಾಸವಿಲ್ಲ. ಡಿಪೋದಲ್ಲಿದ್ದಾಗ ಬರೆದದ್ದೆಲ್ಲ ಬ್ರೇಕ್ ಸಡಿಲವಿದೆ, ಎಡಗಡೆ ಕನ್ನಡಿ ಒಡೆದಿದೆ ಎಂಬಂಥವು. ಇವಳು ಬರೆಯಲೇಬೇಕು ಎಂದು ಕೂರಿಸಿದ್ದಾಳೆ. ಮೂರು ತಿಂಗಳು ನನಗೆ ಆರಿದ ಟೀ ಕೊಟ್ಟವಳು, ನಿಮ್ಮ ಕಾಗದ ಬಂದ ದಿನ ಬಿಸಿ ಟೀ ಕೊಟ್ಟು ಎದುರಿಗೆ ಕೂತು ಅತ್ತಳು. ನನಗೂ ಏನು ಮಾಡಬೇಕೋ ತೋಚದೆ ಟೀ ಆರಿಹೋಯಿತು.

ನೀವು ನನ್ನನ್ನು ದೊಡ್ಡವನನ್ನಾಗಿ ಮಾಡುತ್ತಿದ್ದೀರಿ. ಅದು ಸರಿಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಎದ್ದು ಹೋದದ್ದು ಅವನಿಗಾಗಿ, ನಿಜ. ಚಮಚದ ಸದ್ದು ನನಗೆ ಮೊದಲು ಕೇಳಿತು. ಬಸ್ಸಿನಲ್ಲಿ ಎಲ್ಲಿ ಏನು ಅಲುಗಾಡಿದರೂ ಕೇಳುವ ಕಿವಿ ಇದು. ಆದರೆ ಎಲ್ಲರೂ ನಗುವುದಕ್ಕೆ ಶುರು ಮಾಡಿದ ಮೇಲೆ ನನಗೆ ನಿಲ್ಲಿಸುವ ಮನಸ್ಸಾಗಲಿಲ್ಲ. ಪಕ್ಕದ ಮೇಜಿನವರು ನಕ್ಕರು, ಇನ್ನೂ ಸ್ವಲ್ಪ ಕುಣಿದೆ. ಆ ಎರಡನೇ ಅರ್ಧ ಅವನಿಗಾಗಿ ಅಲ್ಲ, ನನ್ನ ಚಪಲ. ಅದಕ್ಕೆ ಬೈಯಬೇಕಾದರೆ ಬೈಯಿರಿ.

ನೀವು ಎದ್ದು ಹೋದಾಗ ಅವನು ನನ್ನ ಕಡೆ ಒಮ್ಮೆ ನೋಡಿದ. ಅದು ಕೋಪವೋ ಏನೋ ನನಗೆ ಗೊತ್ತಾಗಲಿಲ್ಲ. ಅವತ್ತಿನಿಂದ ಅದೇ ಕಾಡುತ್ತಿದೆ. ಫೋನ್ ಮಾಡಿದರೆ ನೀವು ಎತ್ತಿಬಿಟ್ಟರೆ ಎಂದು ಮಾಡಲಿಲ್ಲ. ಅವನೂ ಮಾಡಲಿಲ್ಲ.

ಆ ಮರದ ಮೇಲೆ, 'ಕೈ ಮಾತು ಕೇಳ್ತಿಲ್ಲ ಕಣೋ' ಅಂದಾಗ ನಾನು ಅವನ ಕೈ ಹಿಡಿದುಕೊಂಡೆ. ಹಳೇ ಬಸ್ಸಿನ ಗೇರ್ ಕಡ್ಡಿ ಹಿಡಿದ ಹಾಗೆ ಅದುರುತ್ತಿತ್ತು. ಅಂಥ ಕಡ್ಡಿಯನ್ನು ಒತ್ತಿ ಹಿಡಿಯಬಾರದು ಅತ್ತಿಗೆ, ಮೆಲ್ಲಗೆ ಹಿಡಿಯಬೇಕು. ಮೆಲ್ಲಗೆ ಹಿಡಿದಿದ್ದೆ.

ಅವನನ್ನು ನೋಡಬೇಕು. ಬರಲಾ?

ನಿಮ್ಮ
ಡ್ರೈವರ್


ಮೇ ೨೦

ಅಕ್ಕಾ,

ಕ್ಷೇಮವಾಗಿ ತಲುಪಿದೆವು. ರೈಲಿನಲ್ಲಿ ಇವರು ಒಂದು ಮಾತೂ ಆಡದೆ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದರು, ಆದರೆ ಇದು ಬೇರೆ ಥರದ ಮೌನ.

ನಿಮ್ಮ ಉತ್ತರಕ್ಕೂ ಕಾಯದೆ ಬಾಗಿಲಿಗೆ ಬಂದು ನಿಂತದ್ದಕ್ಕೆ ನೀವು ಬೈಯುತ್ತೀರಿ ಎಂದುಕೊಂಡಿದ್ದೆ. ಬಾಗಿಲು ತೆರೆದವರು ಭಾವ. ಇವರು ಮೆಟ್ಟಿಲ ಮೇಲೆ ಚೀಲ ಹಿಡಿದುಕೊಂಡು, ಶಾಲೆಗೆ ತಡವಾಗಿ ಬಂದ ಹುಡುಗನ ಹಾಗೆ ನಿಂತಿದ್ದರು. 'ಬಂದ್ಯಾ ಕೋತಿ. ಒಳಗೆ ಬಾ' ಅಂದರು ಭಾವ. ಇಷ್ಟೇ. ಅಷ್ಟಕ್ಕೆ ನಾವಿಬ್ಬರು ಎಷ್ಟು ಕಾಗದ ಬರೆದೆವು ಅಕ್ಕಾ. ಅವರಿಬ್ಬರೂ ಅವತ್ತು ಸಂಜೆಯವರೆಗೂ ಮೆಟ್ಟಿಲ ಮೇಲೆ ಕೂತಿದ್ದರು. ಏನು ಮಾತಾಡಿದಿರಿ ಎಂದು ಇವರನ್ನು ಕೇಳಿದೆ. ಬೀದಿಯಲ್ಲಿ ಎಷ್ಟು ಗುಂಡಿ ಬಿದ್ದಿದೆ ಅಂತ ಮಾತಾಡಿದೆವು ಎಂದರು.

ತಾರಸಿಯ ಮೇಲೆ ಬಟ್ಟೆ ಒಣಹಾಕುವಾಗ ನೀವು, 'ಡಾಕ್ಟರ ಮುಂದೆ ಹೆದರಿಲ್ಲ ಅಂದೆ. ನಂಗೆ ತುಂಬ ಭಯ ಆಗ್ತಿದೆ ಕಣೇ' ಅಂದಿರಲ್ಲ. ನಾನು ನಿಮ್ಮ ಕೈಯಿಂದ ಒದ್ದೆ ಬಟ್ಟೆ ತೆಗೆದುಕೊಂಡೆ, ಅಷ್ಟೇ. ಆಮೇಲೆ ದಾರಿಯುದ್ದಕ್ಕೂ ಏನು ಹೇಳಬೇಕಿತ್ತು ಎಂದು ಯೋಚಿಸಿದೆ. ನನಗೂ ಭಯವೇ.

ಬರುವಾಗ ತಂದಿದ್ದ ಭಾವನ ಅಂಗಿಗಳನ್ನು ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ಗುಂಡಿಗಳನ್ನೆಲ್ಲ ಮೇಲೆ ಸುಮ್ಮನೆ ಹೊಲಿದಿದ್ದೇನೆ, ನೋಡುವವರಿಗೆ. ಒಳಗೆ ಟಿಚ್ ಬಟನ್ ಇದೆ, ಅಂಗೈಯಿಂದ ಒತ್ತಿದರೆ ಕೂರುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಕಾಲರ್ ಹತ್ತಿರದ್ದು ಮಾತ್ರ ನಿಜವಾದ ಗುಂಡಿ, ಅದನ್ನು ನೀವೇ ಹಾಕಿ. ಅದನ್ನು ಬೇಕೆಂದೇ ಬಿಟ್ಟಿದ್ದೇನೆ.

ಇವರಿಗೆ ಒಂದು ಮಾತು ಉಳಿದುಹೋಯಿತಂತೆ. ಕಟ್ಟಿ ಕಳಿಸಿದಾಗ ಭಾವನಿಗೆ ಅಲ್ಲಿ ತಂತಿಯ ಮೇಲೆ ಹೇಗಾಯಿತು, ಮೇಜಿನಿಂದ ಎದ್ದು ಹೋಗುವಾಗ ಯಾಕೆ ಹಾಗೆ ನೋಡಿದರು ಎಂದು ಕೇಳಬೇಕೆಂದಿದ್ದರು. ಅಷ್ಟು ದಿನ ಪಕ್ಕದಲ್ಲೇ ಕೂತಿದ್ದು ಕೇಳಲಿಲ್ಲ. ಇಂಥ ಗಂಡಸರನ್ನು ಕಟ್ಟಿಕೊಂಡು ಏನು ಮಾಡುವುದು ಹೇಳಿ. ನೀವಾದರೂ ಕೇಳಿ ತಿಳಿಸಿ.

ನಿಮ್ಮ ಎದುರು ಮನೆ ಖಾಲಿ ಇದೆಯೇ ಎಂದೂ ವಿಚಾರಿಸಿ. ಇದು ನನ್ನ ಮಾತಲ್ಲ, ಇವರದು. ನನ್ನದೂ ಹೌದು.

ತಂಗಿ


ಜೂನ್ ೧೧

ಲೋ ಕೋತಿ,

ಹೇಳುತ್ತಿರುವವನು ನಾನು, ಬರೆಯುತ್ತಿರುವವಳು ನಿನ್ನ ಅತ್ತಿಗೆ. ನನ್ನ ಅಕ್ಷರ ಓದಲು ನಿನಗೆ ಭೂತಗನ್ನಡಿ ಬೇಕಾಗುತ್ತದೆ. ಕೋತಿ ಎಂದು ಬರೆಯುವುದಿಲ್ಲ ಎಂದಳು. ಹೇಳಿದಷ್ಟು ಬರೆ ಎಂದೆ. (ಬರೆದಿದ್ದೇನೆ.)

ಅಂಗಿಗಳು ಬಂದವು. ನಿನ್ನ ಹೆಂಡತಿಯ ಕೈಗೆ ಏನು ಕೊಟ್ಟರೂ ಸಾಲದು. ನಿನ್ನೆ ಒಬ್ಬನೇ ಅಂಗಿ ಹಾಕಿಕೊಂಡು ಹೊರಗೆ ಹೋಗಿ ಬಂದೆ. ಎದುರು ಮನೆಯವರು ತಿಂಗಳ ಕೊನೆಗೆ ಖಾಲಿ ಮಾಡುತ್ತಾರಂತೆ. ಮಾಲೀಕರ ಹತ್ತಿರ ಮಾತಾಡಿ ಮುಗಿಸಿದ್ದೇವೆ. ಅಡುಗೆಮನೆ ಕಿಟಕಿಯ ಒಂದು ಗಾಜು ಒಡೆದಿದೆ, ಉಳಿದದ್ದೆಲ್ಲ ನೀವು ಬಿಟ್ಟು ಹೋದ ಹಾಗೇ ಇದೆ. (ನಲ್ಲಿಯೂ ಸೋರುತ್ತದೆ. ಅದನ್ನು ಇವರು ಹೇಳಲಿಲ್ಲ, ನಾನು ಸೇರಿಸಿದ್ದು.)

ಮೇಜಿನಿಂದ ಏಳುವಾಗ ಯಾಕೆ ಹಾಗೆ ನೋಡಿದೆ ಎಂದು ಕೇಳಿದ್ದೀಯ. ಕೋಪದಿಂದ ಅಲ್ಲ ಕಣೋ. ನಾನು ಯಾವತ್ತೂ ಅಮ್ಮಾ ಎಂದು ಕೂಗಿಲ್ಲ, ಅದೊಂದನ್ನು ಯಾಕೆ ಸೇರಿಸಿದ ಎಂದುಕೊಂಡೆ. ಅಷ್ಟೇ. ಅದೇ ನಿನ್ನನ್ನು ಇಷ್ಟು ದಿನ ಕಾಡಿದ್ದರೆ ನನ್ನದೇ ತಪ್ಪು. ಒಂದು ಫೋನ್ ಮಾಡಬಹುದಿತ್ತು. ಮಾಡಿದರೆ ಇವಳಿಗೆ ಹೇಳಬೇಕಾಗುತ್ತದೆ ಎಂದು ಮಾಡಲಿಲ್ಲ. ನಿನ್ನ ಹೆಗಲ ಮೇಲೆ ಹೊರೆ ಇಟ್ಟು ನಾನು ಕೈ ಬೀಸಿಕೊಂಡು ಓಡಾಡಿದೆ.

ಇನ್ನು ತಂತಿಯ ಮಾತು. ಅದನ್ನು ಇವಳಿಗೂ ಹೇಳಿರಲಿಲ್ಲ, ಈಗ ಇಬ್ಬರಿಗೂ ಒಟ್ಟಿಗೆ ಹೇಳುತ್ತಿದ್ದೇನೆ.

ಗೈಡ್ ನನ್ನನ್ನು ಎದೆಗೆ ಕಟ್ಟಿಕೊಂಡು, ಕೈ ಮಡಿಚಿ ಸುಮ್ಮನಿರಿ, ನೀವೇನೂ ಮಾಡಬೇಕಾಗಿಲ್ಲ ಎಂದ. ನನಗೆ ಸಾಯುವಷ್ಟು ನಾಚಿಕೆಯಾಗಿತ್ತು. ಆಮೇಲೆ ಅವನು ಅಟ್ಟಣೆ ಬಿಟ್ಟ.

ನಾನು ಜೀವಮಾನವೆಲ್ಲ ಎತ್ತರದಲ್ಲಿ ಕೆಲಸ ಮಾಡಿದವನು. ಆದರೆ ಮುಖ ಯಾವಾಗಲೂ ಗೋಡೆಗೆ. ಮೂಗಿನಿಂದ ಒಂದು ಗೇಣು ದೂರದಲ್ಲಿ ಬಣ್ಣ, ಅದರ ಆಚೆ ಗಾರೆ. ಊರು, ಕೆರೆ, ಆಕಾಶ ಎಲ್ಲ ಬೆನ್ನ ಹಿಂದೆ. ತಿರುಗಿ ನೋಡಿದರೆ ಗೆರೆ ಕೆಡುತ್ತದೆ, ತಿರುಗುತ್ತಿರಲಿಲ್ಲ. ಅವತ್ತು ಮೊದಲ ಸಲ ಮುಖ ಹೊರಗಡೆ ಇತ್ತು. ಕೈಗೆ ಕೆಲಸವಿರಲಿಲ್ಲ. ಕಾಲ ಕೆಳಗೆ ಅಷ್ಟೂ ಕಾಡು, ಮರದ ತಲೆಗಳ ಮೇಲೆ ಮಂಜು, ಒಂದು ಕಡೆ ನೀರು ಬೀಳುತ್ತಿತ್ತು, ಸದ್ದು ಮಾತ್ರ ತಡವಾಗಿ ಕೇಳಿತು. ಎಷ್ಟು ಥರದ ಹಸಿರು ಅಂತೀಯ. ಒಂದು ಡಬ್ಬಿ ಹಸಿರಿಗೆ ಎಷ್ಟು ಹಳದಿ, ಎಷ್ಟು ಕಪ್ಪು ಬೆರೆಸಿದರೆ ಇದು ಬರುತ್ತದೆ ಎಂದು ಲೆಕ್ಕ ಹಾಕಲು ಶುರು ಮಾಡಿದೆ. ಲೆಕ್ಕ ತಪ್ಪಿತು, ಬಿಟ್ಟೆ. ಕೈ ನಡುಗುತ್ತಲೇ ಇತ್ತು. ಅದರ ಪಾಡಿಗೆ ಅದು ನಡುಗಲಿ ಎಂದು ಬಿಟ್ಟೆ.

ನೀನು ಹಿಂದಿನಿಂದ ಏನೋ ಕೂಗುತ್ತಿದ್ದೆ. ಕೇಳಲಿಲ್ಲ. ನಾನು ನಗುತ್ತಿದ್ದೆ ಕಣೋ.

ಆಚೆ ಮರ ಹತ್ತಿರವಾಯಿತು. ಅಟ್ಟಣೆಯ ಮೇಲೆ ಇವಳು ನಿಂತಿದ್ದಳು. ಹೆಲ್ಮೆಟ್ ಒಂದು ಕಡೆಗೆ ವಾಲಿತ್ತು, ಬೆವರಿ ಮುಖವೆಲ್ಲ ಕೆಂಪಾಗಿತ್ತು. ಹಿಡಿಯುವುದಕ್ಕೆ ಅಲ್ಲೊಬ್ಬ ಬೇರೆ ಗೈಡ್ ಇದ್ದ, ಅದು ಅವನ ಕೆಲಸ. ಅವನನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿ, ಎರಡೂ ಕೈ ಚಾಚಿಕೊಂಡು ಇವಳು ನಿಂತಿದ್ದಳು. ಇಬ್ಬರು ಗಂಡಸರ ಭಾರ ಅಷ್ಟು ವೇಗದಲ್ಲಿ ಬರುತ್ತಿದೆ, ಇವಳು ಹಿಡಿಯುತ್ತಾಳಂತೆ.

ಇಷ್ಟು ಹೇಳಬೇಕಿತ್ತು. ಬೇಗ ಬನ್ನಿ.

ನಿನ್ನ
ಪೇಂಟರ್

(ಕೈ ಚಾಚಿ ನಿಂತದ್ದು ನನಗೆ ನೆನಪಿಲ್ಲ. ಅವರು ಹೇಳಿದ ಹಾಗೇ ಬರೆದಿದ್ದೇನೆ.
ಅಕ್ಕ)